ಏಣಿಯ ಎಷ್ಟನೇ ಮೆಟ್ಟಿಲು?

ಸೆಮಿಸ್ಟರ್ ಪರೀಕ್ಷೆ ಮುಗಿದ ಮಾರನೇ ದಿನ ನಾವು ನಾಲ್ವರು ದಾವಣಗೆರೆಯಿಂದ ಕೊಕ್ಕನೂರಿಗೆ ಹೊರಟೆವು. ನಮ್ಮಲ್ಲೊಬ್ಬನ ಊರು. ಹರಿಹರ ದಾಟಿ ಮಲೇಬೆನ್ನೂರಿನ ಕಡೆ ಹೋದಂತೆ ಭದ್ರಾ ನಾಲೆ ನೀರಿನ ಭತ್ತದ ಗದ್ದೆಗಳು. ಬಸ್ಸಿನೊಳಗೆ ನಮ್ಮ ಮಾತು ಮಾತ್ರ ಫಿನ್ಲೆಂಡ್ ಬಗ್ಗೆ! ವಿಶ್ವ ಸಂತೋಷ ವರದಿಯಲ್ಲಿ 2018ರಿಂದ ಅದೇ ಫಸ್ಟ್. 2025ರಲ್ಲಿ 147 ದೇಶಗಳ ಪೈಕಿ ಭಾರತದ್ದು 118ನೇ ಸ್ಥಾನ. "ಅಲ್ಲಿಗೆ ಎಂ.ಎಸ್. ಮಾಡೋಕೆ ಹೋದ್ರೆ ನಾವೂ ಖುಷಿಯಾಗಿರ್ತೀವಿ ಬಿಡ್ರೋ" ಅಂದ ಒಬ್ಬ.

ಈ ರ‍್ಯಾಂಕ್ ಬರೋದು ಒಂದೇ ಪ್ರಶ್ನೆಯಿಂದ. 0ಯಿಂದ 10ರವರೆಗೆ ಮೆಟ್ಟಿಲಿರುವ ಏಣಿ ಇದೆ ಅಂದುಕೊಳ್ಳಿ. ತುದಿಯಲ್ಲಿ ನಿಮಗೆ ಸಿಗಬಹುದಾದ ಅತ್ಯುತ್ತಮ ಬದುಕು, ಬುಡದಲ್ಲಿ ಅತಿ ಕೆಟ್ಟದ್ದು. ಈಗ ಎಷ್ಟನೇ ಮೆಟ್ಟಿಲಲ್ಲಿದ್ದೀರಿ? ಜನ ಕೊಟ್ಟ ಉತ್ತರಗಳ ಮೂರು ವರ್ಷದ ಸರಾಸರಿಯೇ ರ‍್ಯಾಂಕ್.

ಆಂಜನೇಯನ ಗುಡಿಗೆ ಹೋಗಿಬಂದು ಗೆಳೆಯನ ಮನೆ ಕಟ್ಟೆ ಮೇಲೆ ಕೂತಾಗ ಅವನ ಅಜ್ಜನಿಗೂ ಇದನ್ನೇ ಕೇಳಿದೆವು. "ನಾಲೆ ನೀರು ಕೊನೇ ಗದ್ದೆ ಮುಟ್ಟಿದ್ರೆ ಎಂಟು, ಮುಟ್ಟದಿದ್ರೆ ಮೂರು" ಅಂದರು. ನಾವು ನಕ್ಕೆವು, ಅವರು ನಗಲಿಲ್ಲ. ಹಾಗಾಗಿ 'ಹಳ್ಳಿಯವರು ಬಡತನದಲ್ಲೂ ಸುಖಿಗಳು' ಅಂತ ಬರೆಯೋಕೆ ನಮಗೆ ಮನಸ್ಸಿಲ್ಲ. ನೀರು, ಸಾಲ, ಭತ್ತದ ರೇಟು, ಎಲ್ಲ ಚಿಂತೆಯೂ ಅಲ್ಲಿದೆ.

ಆದರೆ ಅದೇ ವರದಿ ಗಮನಿಸುವ ಇನ್ನೊಂದು ಪ್ರಶ್ನೆ ಇದೆ: ಕಷ್ಟ ಬಂದಾಗ ನೆಚ್ಚಿಕೊಳ್ಳೋಕೆ ನಿಮಗೆ ಯಾರಾದ್ರೂ ಇದ್ದಾರಾ? ಅಜ್ಜ ಬೆರಳು ಮಡಚುತ್ತಾ ಹೆಸರು ಹೇಳತೊಡಗಿದರು. ಎರಡೂ ಕೈ ಬೆರಳು ಮುಗಿದವು. "ನಿಮಗೆ ಯಾರ‍್ಯಾರು ಅದಾರಪ್ಪಾ?" ಅಂದರು. ಮನೆಯವರನ್ನು ಬಿಟ್ಟರೆ ನಮ್ಮದು ಎರಡು ಮೂರು ಹೆಸರಿಗೇ ನಿಂತಿತು.

ನಾವು ಮಾತ್ರವಲ್ಲ. 2023ರಲ್ಲಿ ಜಗತ್ತಿನ ಯುವಜನರಲ್ಲಿ ಶೇ. 19ರಷ್ಟು ಮಂದಿ ನೆಚ್ಚಿಕೊಳ್ಳೋಕೆ ಯಾರೂ ಇಲ್ಲ ಅಂದಿದ್ದಾರೆ ಎನ್ನುತ್ತದೆ 2025ರ ವರದಿ. ಫಿನ್ಲೆಂಡ್ ಮುಂದಿರೋದಕ್ಕೂ ದುಡ್ಡೊಂದೇ ಕಾರಣವಲ್ಲ. ಕಳೆದುಹೋದ ಪರ್ಸ್ ವಾಪಸ್ ಬರುತ್ತೆ ಅಂತ ಒಬ್ಬರನ್ನೊಬ್ಬರು ನಂಬೋದರಲ್ಲೂ ಆ ಕಡೆಯ ದೇಶಗಳು ಮುಂದಿವೆ.

ನಮ್ಮ ಹಾಸ್ಟೆಲ್‌ನಲ್ಲಿ ಪಕ್ಕದ ರೂಮಿನವನ ಸಿಜಿಪಿಎ ಗೊತ್ತು, ಊರು ಗೊತ್ತಿಲ್ಲ. ಬ್ಯಾಕ್‌ಲಾಗ್ ಬಿದ್ದವನು, ಪ್ಲೇಸ್‌ಮೆಂಟ್ ಆಗದವನು ಬಾಗಿಲು ಹಾಕ್ಕೊಂಡು ಮಲಗಿದರೆ ತಟ್ಟುವವರಿಲ್ಲ. ಇದಕ್ಕೆ ಫಿನ್ಲೆಂಡಿನ ವೀಸಾ ಬೇಕಿಲ್ಲ. ಇವತ್ತು ರಾತ್ರಿ ಮೆಸ್ಸಿಗೆ ಹೋಗುವಾಗ ಮೊಬೈಲ್ ರೂಮಲ್ಲೇ ಬಿಟ್ಟು, ಒಬ್ಬನೇ ಕೂತು ಉಣ್ಣುತ್ತಿರುವವನ ಎದುರು ತಟ್ಟೆ ಇಡೋಣ. ಒಂದು ಬೆರಳಾದರೂ ಮಡಚಿದಂತಾಗುತ್ತೆ.