ಹೊಸ ಗಾಡಿ ಕೊಳ್ಳಲಿರುವ ಮಲೆನಾಡಿನ ಬಂಧುಗಳಲ್ಲಿ ಒಂದು ಮನವಿ

ಕಾಫಿ, ಅಡಿಕೆ, ಮೆಣಸಿನ ದುಡ್ಡು ಕೈಸೇರುವ ದಿನಗಳಲ್ಲಿ ಮಲೆನಾಡಿನ ಮನೆಗಳಲ್ಲಿ ಹೊಸ ಗಾಡಿಯ ಮಾತು ಶುರುವಾಗುತ್ತದೆ. ಬೇಕಾಗಿರುವುದು ಎರಡಕ್ಕೂ ಒದಗುವ ಒಂದೇ ಗಾಡಿ. ಕೆಲಸದ ದಿನ ಅದು ಗೊಬ್ಬರದ ಮೂಟೆ, ಪಂಪ್‌ಸೆಟ್ ಹೊರಬೇಕು. ಬಿಡುವಿನ ದಿನ ಮನೆಮಂದಿಯನ್ನೆಲ್ಲ ಮದುವೆಗೋ ಧರ್ಮಸ್ಥಳಕ್ಕೋ ಕರೆದೊಯ್ಯಬೇಕು. 1984ರಲ್ಲಿ ಬಂದು 2019ರಲ್ಲಿ ತಯಾರಿಕೆ ನಿಂತ ಮಾರುತಿ ಓಮ್ನಿ ಎಷ್ಟೋ ಮನೆಗಳಲ್ಲಿ ಈ ಎರಡೂ ಕೆಲಸ ಮಾಡಿತು. ಈಗ ಆ ಜಾಗದಲ್ಲಿ ಈಕೋ ಇದೆ. ಅದು ಐದು ಗೇರಿನ, ಹಿಂದಿನ ಚಕ್ರಗಳಿಂದ ಓಡುವ ಗಾಡಿ. ಫೋರ್ ವೀಲ್ ಡ್ರೈವ್ ಬೇಕೆಂದರೆ ನಮ್ಮಲ್ಲಿ ವ್ಯಾನಿನ ಆಸೆ ಬಿಟ್ಟು, ಬೊಲೆರೊ ಕ್ಯಾಂಪರ್‌ನಂಥ ಪಿಕಪ್ಪನ್ನೋ ಗೂರ್ಖಾದಂಥ ಜೀಪನ್ನೋ ನೋಡಬೇಕಾಗುತ್ತದೆ. ಆಗ ಬೆಲೆಯೂ ಹೆಚ್ಚು, ಡೀಸೆಲ್ ಮತ್ತು ಟೈರಿನ ಖರ್ಚೂ ಹೆಚ್ಚು.

ದುಡ್ಡು ನಿಮ್ಮದು, ಆಯ್ಕೆಯೂ ನಿಮ್ಮದೇ. ಆದರೆ ಗಾಡಿ ಓಡುವುದು ಎಲ್ಲರ ರಸ್ತೆಯಲ್ಲಿ. ಅದರಲ್ಲಿ ಕೂರುವವರಲ್ಲಿ ತೋಟದ ಕೆಲಸಕ್ಕೆ ಬರುವವರೂ ಇರುತ್ತಾರೆ. ಅದಕ್ಕಾಗಿ ನಿಮ್ಮಲ್ಲಿ ಕೆಲವು ಮಾತುಗಳನ್ನು ಕೇಳಿಕೊಳ್ಳುತ್ತಿದ್ದೇನೆ.

ಮೊದಲು ನಿಮ್ಮ ಮನೆಯ ರಸ್ತೆಯನ್ನು ನೆನಪಿಸಿಕೊಳ್ಳಿ. ಜುಲೈ ತಿಂಗಳ ಮಳೆಯಲ್ಲಿ ಅದು ಹೇಗಿರುತ್ತದೆ? ಕೆಸರು ಎಲ್ಲಿ ನಿಲ್ಲುತ್ತದೆ? ಏರು ಎಲ್ಲಿ ಕಡಿದಾಗಿದೆ? ವರ್ಷದಲ್ಲಿ ಎಷ್ಟು ದಿನ ಗಾಡಿ ಹೂತುಹೋಗುತ್ತದೆ? ಆ ದಿನಗಳು ಕೆಲವೇ ಆಗಿದ್ದರೆ ಹೊಸ ಟೈರು ಮತ್ತು ಎರಡು ಲೋಡು ಜಲ್ಲಿಯೇ ಸಾಕಾಗಬಹುದು. ಮಳೆಗಾಲವಿಡೀ ಅದೇ ಪಾಡಾದರೆ ಫೋರ್ ವೀಲಿಗೆ ಕೊಡುವ ದುಡ್ಡು ವ್ಯರ್ಥವಲ್ಲ.

ಫೋರ್ ವೀಲ್ ಕೊಂಡರೆ ಅದರ ಮಿತಿಯನ್ನೂ ತಿಳಿದುಕೊಳ್ಳಿ. ಅದು ಗಾಡಿ ಮುಂದೆ ಹೋಗಲು ನೆರವಾಗುತ್ತದೆ, ನಿಲ್ಲಲು ಅಲ್ಲ. ಬ್ರೇಕು ಎಲ್ಲ ಗಾಡಿಗಳಿಗೂ ನಾಲ್ಕು ಚಕ್ರಕ್ಕೇ ಇರುತ್ತದೆ. ಒದ್ದೆ ತಿರುವಿನಲ್ಲಿ ಜೀಪೂ ವ್ಯಾನಿನಂತೆಯೇ ಜಾರುತ್ತದೆ. ಬೇಕಾದಾಗ ಮಾತ್ರ ಹಾಕಿಕೊಳ್ಳುವ ಫೋರ್ ವೀಲನ್ನು ಒಣ ಡಾಂಬರಿಗೆ ಬಂದೊಡನೆ ತೆಗೆಯಿರಿ. ತಿರುವಿನಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ಹೆಚ್ಚು ದೂರ ಉರುಳುತ್ತದೆ. ಕೆಸರಿನಲ್ಲಿ ಆ ವ್ಯತ್ಯಾಸವನ್ನು ಜಾರಿಕೆ ಸರಿದೂಗಿಸುತ್ತದೆ. ಗಟ್ಟಿ ನೆಲದಲ್ಲಿ ಅದರ ಒತ್ತಡವೆಲ್ಲ ಗೇರುಗಳ ಮೇಲೆ ಬೀಳುತ್ತದೆ.

ಗೇರಿನ ಗಾಡಿಯೋ ಆಟೋಮ್ಯಾಟಿಕ್ಕೋ ಎಂಬ ಪ್ರಶ್ನೆಯೂ ಬರುತ್ತದೆ. ಮಂಡಿನೋವಿನವರಿಗೆ, ಪೇಟೆಯಲ್ಲೇ ಹೆಚ್ಚು ಓಡಾಡುವವರಿಗೆ ಆಟೋಮ್ಯಾಟಿಕ್ ನಿಜಕ್ಕೂ ಉಪಕಾರಿ. ಭಾರ ಹೊತ್ತು ತೋಟದ ದಾರಿಯಲ್ಲಿ ಓಡುವ ಗಾಡಿಗೆ ಗೇರಿನದೇ ಮೇಲೆಂದು ನನ್ನ ನಂಬಿಕೆ. ಕ್ಲಚ್ ಸವೆದರೆ ಹತ್ತಿರದ ಪೇಟೆಯ ಗ್ಯಾರೇಜಿನಲ್ಲೇ ರಿಪೇರಿಯಾಗುತ್ತದೆ. ಯಾವುದನ್ನೇ ಕೊಳ್ಳಿ, ಶೋರೂಮಿನ ಮುಂದಿನ ಸಪಾಟು ರಸ್ತೆಯಲ್ಲಿ ಓಡಿಸಿ ತೀರ್ಮಾನಿಸಬೇಡಿ. ನಾಲ್ಕು ಜನರನ್ನು ಕೂರಿಸಿಕೊಂಡು ಒಂದು ಏರಿನಲ್ಲಿ ನಿಲ್ಲಿಸಿ, ಮತ್ತೆ ಹೊರಡಿಸಿ ನೋಡಿ.

ಘಾಟಿ ಇಳಿಯುವಾಗ ಹಳೆಯ ಡ್ರೈವರುಗಳ ಮಾತು ನೆನಪಿರಲಿ: ಹತ್ತುವ ಗೇರಿನಲ್ಲೇ ಇಳಿಯಬೇಕು. ಆಗುಂಬೆಯ 14 ತಿರುವುಗಳಲ್ಲಿ, ಚಾರ್ಮಾಡಿಯಲ್ಲಿ, ಸಂಪಾಜೆಯಲ್ಲಿ ಬ್ರೇಕನ್ನೇ ನಂಬಿದರೆ ಅದು ಕಾದು ಹಿಡಿತ ತಪ್ಪುತ್ತದೆ. ನ್ಯೂಟ್ರಲ್ ಮಾಡಿದರೆ ಡೀಸೆಲ್ ಉಳಿಯುತ್ತದೆ ಎಂಬುದು ಇಂದಿನ ಎಂಜಿನ್‌ಗಳಿಗೆ ಹೊಂದುವುದಿಲ್ಲ. ಗೇರಿನಲ್ಲಿ ಇಳಿಯುವಾಗ ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಅವು ತಾವಾಗಿಯೇ ಇಂಧನ ನಿಲ್ಲಿಸುತ್ತವೆ. ಕಿರಿದಾದ ಜಾಗದಲ್ಲಿ ಎದುರಿನಿಂದ ಹತ್ತಿ ಬರುವವರಿಗೆ ಮೊದಲು ದಾರಿ ಬಿಡಿ. ನಿಯಮವೂ ಅದನ್ನೇ ಹೇಳುತ್ತದೆ.

ಎಲ್ಲಕ್ಕಿಂತ ಮುಖ್ಯವಾದ ಮಾತು ಜನರದ್ದು. ಕೆಲಸದವರನ್ನು ಕರೆತರುವುದು ನಿಮ್ಮ ನಿತ್ಯದ ಅಗತ್ಯವಾದರೆ ಸೀಟಿರುವ ಗಾಡಿಯನ್ನೇ ಆರಿಸಿಕೊಳ್ಳಿ. ಪಿಕಪ್ಪಿನ ಹಿಂಬದಿ ಮೂಟೆಗಳಿಗೆಂದು ಮಾಡಿದ ಜಾಗ. ಅಲ್ಲಿ ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ಸರಕಿನ ಗಾಡಿಯಲ್ಲಿ ಹಾಗೇ ಹತ್ತಿಸಿಕೊಂಡವರು ಕಡ್ಡಾಯ ವಿಮೆಯ ರಕ್ಷಣೆಗೆ ಸೇರುವುದಿಲ್ಲ. ಏನಾದರೂ ಆದರೆ ಅವರ ಮನೆಗೂ ಆಸರೆ ತಪ್ಪುತ್ತದೆ, ನಿಮ್ಮ ಮನೆಯೂ ಸಾಲಕ್ಕೆ ಬೀಳುತ್ತದೆ. ಎರಡು ಟ್ರಿಪ್ ಹೊಡೆಯುವ ಡೀಸೆಲ್ಲಿನ ಖರ್ಚು ಇದರ ಮುಂದೆ ಏನೂ ಅಲ್ಲ. ನಮ್ಮ ತೋಟಗಳು ನಡೆಯುತ್ತಿರುವುದೇ ಅವರ ದುಡಿಮೆಯಿಂದ.

ರಜೆಯಲ್ಲಿ ಬೆಟ್ಟಕ್ಕೆ ಹೋದಾಗ ಜೀಪನ್ನು ದಾರಿಯಲ್ಲೇ ಇರಿಸಿ. ಮುಳ್ಳಯ್ಯನಗಿರಿ, ಕುದುರೆಮುಖದ ಹುಲ್ಲುಗಾವಲುಗಳು ಮಳೆನೀರನ್ನು ಹಿಡಿದಿಟ್ಟು ಹೊಳೆಗಳಿಗೆ ಕೊಡುತ್ತವೆ. ಚಕ್ರದ ಜಾಡು ಬಿದ್ದಲ್ಲಿ ನೀರು ಕಾಲುವೆಯಾಗಿ ಹರಿದು ಮಣ್ಣನ್ನು ಕೊಚ್ಚುತ್ತದೆ. ಆ ಹೊಳೆಯ ನೀರೇ ನಮ್ಮ ತೋಟಕ್ಕೂ ಬರುವುದು.

ಕೊನೆಯದಾಗಿ, ಕೊಳ್ಳುವ ಮುಂಚೆ ಅಕ್ಕಪಕ್ಕದ ಮನೆಯವರೊಂದಿಗೆ ಒಮ್ಮೆ ಕುಳಿತು ಮಾತಾಡಿ. ಒಂದೇ ಗುಡ್ಡದ ದಾರಿಯ ನಾಲ್ಕು ಮನೆಗಳಿಗೆ ನಾಲ್ಕು ಫೋರ್ ವೀಲ್ ಬೇಕಿಲ್ಲ. ಒಬ್ಬರಲ್ಲಿ ಜೀಪಿದ್ದು, ಉಳಿದವರಲ್ಲಿ ವ್ಯಾನಿದ್ದರೆ ಸಾಕು. ಮಳೆಯ ರಾತ್ರಿ ಹೆರಿಗೆಗೋ ಎದೆನೋವಿಗೋ ಆಸ್ಪತ್ರೆಗೆ ಹೋಗಬೇಕಾದಾಗ ಯಾರಿಗೆ ಫೋನ್ ಮಾಡಬೇಕೆಂಬುದು ನಾಲ್ಕೂ ಮನೆಗೆ ಗೊತ್ತಿರಲಿ. ಉಳಿದ ದುಡ್ಡಿನಲ್ಲಿ ಒಂದು ಪಾಲನ್ನು ಕೂಡಿಸಿ, ಮೇ ತಿಂಗಳಲ್ಲೇ ದಾರಿಯ ಚರಂಡಿ ಬಿಡಿಸಿ. ಮೋರಿ ಬೇಕಿದ್ದರೆ ಗ್ರಾಮಸಭೆಯಲ್ಲಿ ಒಟ್ಟಾಗಿ ಕೇಳಿ. ನೀರು ಪಕ್ಕಕ್ಕೆ ಹರಿದುಹೋಗುವ ದಾರಿಯಲ್ಲಿ ಸಾಧಾರಣ ವ್ಯಾನೂ ಹತ್ತುತ್ತದೆ. ಊರೊಟ್ಟಿನ ಕೆಲಸ ಮಲೆನಾಡಿಗೆ ಹೊಸದಲ್ಲ. ಗಾಡಿ ಕೊಳ್ಳುವಾಗಲೂ ನೀವು ಅದನ್ನು ಮುಂದಿಟ್ಟುಕೊಳ್ಳುತ್ತೀರೆಂಬ ಭರವಸೆಯಿಂದ ಇಷ್ಟನ್ನು ಬರೆದಿದ್ದೇನೆ.