ಉಪ್ಪಿನ ಹರಳಿನೊಳಗಣ ಲೆಕ್ಕ

ಉಪ್ಪಿಲ್ಲದ ಅಡಿಗೆಯನ್ನು ಮೆಚ್ಚಿ ಉಣ್ಣುವವರಿಲ್ಲ. ಆದರೆ ಆ ಹರಳಿನೊಳಗಣ ಲೆಕ್ಕವನ್ನು ಮಾಡಿ ನೋಡಿದವರು ವಿರಳ. ಗಣಿತವೆಂದೊಡನೆ ಪುಟ ಮಗುಚುವ ವಾಚಕರು ಅಂಜಬೇಕಾದುದಿಲ್ಲ. ಕೂಡುವುದು, ಕಳೆಯುವುದು ಬಂದರೆ ಸಾಕು.

ಉಪ್ಪು ಸೋಡಿಯಂ, ಕ್ಲೋರೀನ್ ಎಂಬ ಎರಡು ಧಾತುಗಳ ಸಂಯೋಗ. ಪರಮಾಣುವಿನ ನಡುವಣ ಬೀಜದಲ್ಲಿ ಧನವಿದ್ಯುತ್ತುಳ್ಳ ಪ್ರೋಟಾನುಗಳೂ ವಿದ್ಯುತ್ತಿಲ್ಲದ ನ್ಯೂಟ್ರಾನುಗಳೂ ಇರುತ್ತವೆ. ಹೊರಗೆ ಋಣವಿದ್ಯುತ್ತಿನ ಎಲೆಕ್ಟ್ರಾನುಗಳು. (ನಮ್ಮ ವೈಶೇಷಿಕರು ಪರಮಾಣುವನ್ನು ನಿರವಯವವೆಂದರು. ಹೆಸರು ಒಂದೇ ಆದುದರಿಂದ ವಸ್ತುವೂ ಒಂದೇ ಎಂದು ವಾದಿಸುವ ಪಂಡಿತರೊಡನೆ ನನಗೆ ಸಹಮತವಿಲ್ಲ.) ಧಾತು ಯಾವುದೆಂಬುದನ್ನು ನಿರ್ಣಯಿಸುವುದು ಪ್ರೋಟಾನುಗಳ ಸಂಖ್ಯೆಯೊಂದೇ. ಸೋಡಿಯಮ್ಮಿಗೆ ಅದು 11. ಬೀಜದ ಒಟ್ಟು ಕಣಗಳು 23; ಕಳೆದರೆ ನ್ಯೂಟ್ರಾನುಗಳು 12. ಧನಋಣಗಳು ಸರಿದೂಗಬೇಕಾದುದರಿಂದ ಎಲೆಕ್ಟ್ರಾನುಗಳೂ 11.

ಕ್ಲೋರೀನಿನ ಬಳಿಗೆ ಬಂದೊಡನೆ ವಿದ್ಯಾರ್ಥಿಯು ತಡವರಿಸುತ್ತಾನೆ. ಪಠ್ಯಪುಸ್ತಕವು ಅದರ ಪರಮಾಣು ತೂಕವನ್ನು 35.5 ಎನ್ನುತ್ತದೆ, ಪ್ರೋಟಾನುಗಳು 17. ಕಳೆದರೆ 18.5! ಅರ್ಧ ನ್ಯೂಟ್ರಾನೆಂಬುದುಂಟೆ? ಹೀಗೆ ಬರೆದ ಹುಡುಗನಿಗೆ ಸೊನ್ನೆ ಕೊಡುವುದು ನ್ಯಾಯವಲ್ಲ. ಅವನ ವ್ಯವಕಲನವು ಸರಿಯಾಗಿಯೇ ಇದೆ. ಕಳೆಯಬಾರದ ಸಂಖ್ಯೆಯಿಂದ ಕಳೆದಿದ್ದಾನೆ, ಅಷ್ಟೆ. 35.5 ಯಾವ ಒಂದು ಪರಮಾಣುವಿನ ತೂಕವೂ ಅಲ್ಲ, ಸರಾಸರಿ. ಪ್ರಕೃತಿಯಲ್ಲಿ ಕ್ಲೋರೀನು ಎರಡು ಬಗೆಯಾಗಿ ಬೆರೆತಿರುತ್ತದೆ. ನೂರರಲ್ಲಿ ಸುಮಾರು 76 ಪರಮಾಣುಗಳಿಗೆ ನ್ಯೂಟ್ರಾನು 18, ಒಟ್ಟು 35. ಉಳಿದ 24ಕ್ಕೆ ನ್ಯೂಟ್ರಾನು 20, ಒಟ್ಟು 37. ಸ್ಥೂಲವಾಗಿ ಮೂರು 35, ಒಂದು 37 ಎಂದಿಟ್ಟು ಕೂಡಿದರೆ 142. ನಾಲ್ಕರಿಂದ ಭಾಗಿಸಿ ನೋಡಿರಿ.

ಕಣ್ಣಿಗೆ ಕಾಣದ ಈ ಸಂಖ್ಯೆಗಳನ್ನು ತಿಳಿದುದು ಹೇಗೆ? 1913ರಲ್ಲಿ ಇಂಗ್ಲೆಂಡಿನ ಹೆನ್ರಿ ಮೋಸ್ಲಿ ಎಂಬ ತರುಣನು ಧಾತುಗಳು ಹೊರಸೂಸುವ ಕ್ಷಕಿರಣಗಳನ್ನು ಅಳೆದು, ಧಾತುವಿನಿಂದ ಧಾತುವಿಗೆ ಒಂದೊಂದೇ ಮೆಟ್ಟಿಲಾಗಿ ಏರುವ ಸಂಖ್ಯೆಯನ್ನು ಕಂಡನು. ಆರ್ಗಾನಿಗಿಂತ ಪೊಟ್ಯಾಸಿಯಂ ಹಗುರವಾದರೂ ಅದರ ಮುಂದಿನ ಸ್ಥಾನದಲ್ಲಿ ಏಕೆ ಕುಳಿತಿದೆಯೆಂಬ ಹಳೆಯ ಸಂದೇಹವು ಇದರಿಂದ ಪರಿಹಾರವಾಯಿತು: ಒಂದರದು 18, ಇನ್ನೊಂದರದು 19. ಎರಡೇ ವರ್ಷಗಳ ಮೇಲೆ, 1915ರ ಆಗಸ್ಟಿನಲ್ಲಿ, ಅವನು ಗಲಿಪೋಲಿಯ ಯುದ್ಧದಲ್ಲಿ ಗುಂಡಿಗೆ ಬಲಿಯಾದನು, ವಯಸ್ಸು 27. ನ್ಯೂಟ್ರಾನು ದೊರೆತುದು 1932ರಲ್ಲಿ, ಚ್ಯಾಡ್ವಿಕ್ಕನಿಂದ.

ಅದೇ ಯುದ್ಧದಲ್ಲಿ, 1915ರ ಏಪ್ರಿಲಿನಲ್ಲಿ, ಬೆಲ್ಜಿಯಮ್ಮಿನ ಈಪ್ರ ಪಟ್ಟಣದ ಬಳಿ ಸೈನಿಕರ ಮೇಲೆ ಬಿಟ್ಟ ವಿಷವಾಯು ಈ ಕ್ಲೋರೀನೇ. ಸೋಡಿಯಮ್ಮಾದರೋ ನೀರು ಸೋಕಿದರೆ ಭುಗಿಲೇಳುವ ಲೋಹ. ಇವೆರಡೂ ಕೂಡಿ ನಮ್ಮ ಎಲೆಯ ಮೇಲೆ ಸಾಧುವಾಗಿ ಕುಳಿತುದು ಹೇಗೆ? ಸೋಡಿಯಂ ಒಂದು ಎಲೆಕ್ಟ್ರಾನನ್ನು ಕೊಟ್ಟಿತು, ಕ್ಲೋರೀನು ತೆಗೆದುಕೊಂಡಿತು. ಲೆಕ್ಕವೀಗ 10, 18. ಹತ್ತು ಎಲೆಕ್ಟ್ರಾನುಗಳು ನಿಯಾನಿಗೂ ಉಂಟು. ಹಾಗೆಂದು ಸೋಡಿಯಂ ನಿಯಾನಾಗಲಿಲ್ಲ. ಸಾರಿನಲ್ಲಿ ಕರಗಿದ ಮೇಲೂ ಅದರ ಬೀಜದಲ್ಲಿ 11 ಪ್ರೋಟಾನುಗಳು ಇದ್ದಂತೆಯೇ ಇರುತ್ತವೆ.