ಚಪ್ಪರದ ಬೆಳಕು

ಮದುವೆಗೆ ಹೋಗುವ ನೆಂಟರಿಗೆ ಹಿಂದೆ ಎರಡೇ ಕರ್ತವ್ಯಗಳಿದ್ದವು: ವಧೂವರರನ್ನು ಹರಸುವುದು, ಬಡಿಸಿದ್ದನ್ನು ತೃಪ್ತಿಯಾಗಿ ಉಣ್ಣುವುದು. ಈಗ ಮೂರನೆಯದೊಂದು ಸೇರಿಕೊಂಡಿದೆ. ಕಿಸೆಯಲ್ಲಿ ಮೊಬೈಲು ಇರುವ ಪ್ರತಿಯೊಬ್ಬ ನೆಂಟನೂ ಛಾಯಾಗ್ರಾಹಕನೇ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಬೆಳಕಿಗೆ ಒಂದು ಕ್ರಮವುಂಟು, ನೆಂಟಸ್ತಿಕೆಗೂ ಒಂದು ಕ್ರಮವುಂಟು.

ಛತ್ರದ ಮದುವೆಗಿಂತ ಮನೆಯಂಗಳದ ಚಪ್ಪರದ ಮದುವೆ ಕಣ್ಣಿಗೆ ಸೊಗಸು, ಕ್ಯಾಮರಾಕ್ಕೆ ಕಷ್ಟ. ಸೋಗೆಯ ಸಂದಿನಿಂದ ಇಳಿಯುವ ಬಿಸಿಲು ಮದುಮಗಳ ಮುಖದ ಮೇಲೆ ಚುಕ್ಕೆ ಚುಕ್ಕೆಯಾಗಿ ಬೀಳುತ್ತದೆ. ಕೆಂಪು ಶಾಮಿಯಾನದ ಕೆಳಗೆ ಶಾಂತಮೂರ್ತಿಗಳಾದ ಪುರೋಹಿತರೂ ಕೋಪಗೊಂಡವರಂತೆ ಕಾಣುತ್ತಾರೆ. ಒಳಗೆ ನೆರಳು, ಹೊರಗೆ ಸುಡುಬಿಸಿಲು. ನಮ್ಮ ಕಣ್ಣು ಎರಡಕ್ಕೂ ಹೊಂದಿಕೊಳ್ಳುತ್ತದೆ, ಯಂತ್ರವೋ ಬಿಸಿಲಿಗೆ ಬೆದರಿ ಮುಖಗಳನ್ನು ಕಪ್ಪಾಗಿಸುತ್ತದೆ. ಉಪಾಯ ಸುಲಭ. ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದು, ಮನೆಯ ಗೋಡೆಯೋ ಅಡಕೆಯ ತೋಟವೋ ಹಿನ್ನೆಲೆಯಾಗುವಂತೆ ನಿಲ್ಲಬೇಕು. ಪರದೆಯಲ್ಲಿ ಮುಖ ಕಾಣುವ ಜಾಗವನ್ನು ಬೆರಳಿನಿಂದ ಮುಟ್ಟಿದರೆ ಮೊಬೈಲು ಆ ಮುಖದ ಬೆಳಕನ್ನೇ ಲೆಕ್ಕಕ್ಕೆ ಹಿಡಿಯುತ್ತದೆ. ಅಭಿಜಿನ್ ಮುಹೂರ್ತವೆಂದರೆ ನಡುಹಗಲು. ನೆತ್ತಿಯ ಮೇಲಿನ ಸೂರ್ಯನು ಕಣ್ಣಿನ ಕುಳಿಗಳಲ್ಲಿ ನೆರಳು ತುಂಬುತ್ತಾನೆ. ಆ ಹೊತ್ತಿನಲ್ಲಿ ಬಂಧುಬಳಗವನ್ನು ಬಯಲಿನಲ್ಲಿ ನಿಲ್ಲಿಸದೆ ಜಗಲಿಯ ಅಂಚಿನ ನೆರಳಿಗೆ ಕರೆಯುವುದು ಲೇಸು. ಗೋಧೂಳಿ ಲಗ್ನವನ್ನು ಗೊತ್ತುಮಾಡುವ ಜೋಯಿಸರು ನಮ್ಮ ಪಾಲಿಗೆ ಪರಮೋಪಕಾರಿಗಳು.

ನೆಂಟಸ್ತಿಕೆಯ ಕ್ರಮ ಇದಕ್ಕಿಂತ ಕಠಿನ. ಮಲೆನಾಡಿನ ಅಂಗಳವೊಂದರಲ್ಲಿ ನಮ್ಮ ಸೋದರತ್ತೆಯ ಮೊಮ್ಮಗಳ ಮದುವೆ. ಅಂತರಪಟ ಸರಿಯುವ ಸಮಯ, ಗಟ್ಟಿಮೇಳ ಮೊಳಗಿತು. ಮುಂದಿನ ಸಾಲಿನವರೆಲ್ಲ ಎದ್ದು ನಿಂತರು. ಅಕ್ಷತೆ ಇರಬೇಕಾದ ಕೈಗಳಲ್ಲಿ ಮೊಬೈಲುಗಳು! ಹಿಂದೆ ಕುಳಿತಿದ್ದ ಅತ್ತೆಗೆ ಎಂಬತ್ತು ದಾಟಿದೆ, ಎದ್ದು ನಿಲ್ಲಲಾರರು. ಎದುರಿಗಿದ್ದ ಹುಡುಗನ ಅಂಗಿಯನ್ನು ಮೆಲ್ಲನೆ ಜಗ್ಗಿ ಹೇಳಿದರು: “ಮಾರಾಯ, ನೀನು ಇದನ್ನು ನಾಳೆಯೂ ನೋಡಬಹುದು. ನಾನು ಈಗಲೇ ನೋಡಬೇಕು. ಸ್ವಲ್ಪ ಕೂತುಕೋ.”

ಹುಡುಗ ಕುಳಿತ. ಅವನನ್ನು ಕಂಡು ಪಕ್ಕದವರೂ ಕುಳಿತರು. ಜೀರಿಗೆ ಬೆಲ್ಲ ಬೀಳುವುದನ್ನು ಅತ್ತೆ ಕಣ್ತುಂಬ ನೋಡಿದರು.

ಆ ಗಳಿಗೆಯ ಚಿತ್ರವನ್ನು ತೆಗೆಯಲು ಮನೆಯವರು ಗೊತ್ತುಮಾಡಿದ ಛಾಯಾಗ್ರಾಹಕನಿದ್ದಾನೆ. ಅವನಿಗೆ ದಾರಿ ಬಿಡುವುದು ನಮ್ಮ ಧರ್ಮ. ಆದರೆ ಅವನಿಗೆ ತಿಳಿಯದ ಸಂಗತಿ ನಮಗೆ ತಿಳಿದಿರುತ್ತದೆ. ಹತ್ತು ವರ್ಷಗಳಿಂದ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರು ಇಂದು ಒಂದೇ ಪಂಕ್ತಿಯಲ್ಲಿ ಕುಳಿತಿದ್ದಾರೆಂಬುದು, ಧಾರೆಯೆರೆದ ತಂದೆ ಬಾವಿಕಟ್ಟೆಯ ಬಳಿ ಒಬ್ಬನೇ ನಿಂತಿದ್ದಾನೆಂಬುದು ಅವನಿಗೆ ಹೇಗೆ ಗೊತ್ತು? ಮೈಸೂರಿನಲ್ಲಿ 1923ರಲ್ಲಿ ಜನಿಸಿದ ಟಿ. ಎಸ್. ಸತ್ಯನ್ನರು ದೊಡ್ಡವರನ್ನು ಚಿತ್ರಿಸಿದಷ್ಟೇ ಆದರದಿಂದ ಸಾಮಾನ್ಯ ಜನರ ನಿತ್ಯಜೀವನವನ್ನೂ ಚಿತ್ರಿಸಿ ಹೆಸರಾದರು. ನೆಂಟನ ಕ್ಯಾಮರಾಕ್ಕೂ ಅಂಥ ವಸ್ತುವೇ ತಕ್ಕುದು. ಆದರೆ ಅಳುವ ತಂದೆಯ ಎದುರು ಕ್ಯಾಮರಾ ಎತ್ತುವುದೋ, ಹೆಗಲ ಮೇಲೆ ಕೈಯಿಡುವುದೋ ಎಂಬುದನ್ನು ಆ ಗಳಿಗೆಯಲ್ಲಿ ನೆಂಟನೇ ನಿರ್ಧರಿಸಬೇಕು. ಕೈಯಿಟ್ಟವನನ್ನು ಆ ತಂದೆ ಮರೆಯಲಾರ.

ಇನ್ನೊಂದು ಮಾತು. ತಾಳಿ ಕಟ್ಟಿದೊಡನೆ ಮೊಬೈಲುಗಳು ಕಿಸೆ ಸೇರುತ್ತವೆ, ಜನ ಊಟದ ಕಡೆಗೆ ನಡೆಯುತ್ತಾರೆ. ಸಪ್ತಪದಿ ಸೇರಿರುವ ವಿವಾಹವು ಏಳನೆಯ ಹೆಜ್ಜೆಯಿಂದ ಪೂರ್ಣವಾಗುತ್ತದೆಂದು 1955ರ ಹಿಂದೂ ವಿವಾಹ ಕಾಯಿದೆಯ 7ನೆಯ ಸೆಕ್ಷನ್ ಹೇಳುತ್ತದೆ. ಆ ಹೆಜ್ಜೆಯನ್ನು ನೋಡಲು ಎಷ್ಟು ಮಂದಿ ಉಳಿದಿರುತ್ತಾರೆ? ಅಲ್ಲಿ ನೂಕುನುಗ್ಗಲಿಲ್ಲ, ಯಾರ ನೋಟಕ್ಕೂ ನಾವು ಅಡ್ಡಿಯಲ್ಲ. ಹೋಮದ ಹೊಗೆಯಲ್ಲಿ ಬಿಸಿಲಕೋಲುಗಳು ಮೂಡಿರುತ್ತವೆ. ನೆಂಟನು ಚಿತ್ರ ತೆಗೆಯಲು ಪ್ರಶಸ್ತ ಮುಹೂರ್ತ ಅದೇ.

ತೆಗೆದ ಚಿತ್ರಗಳನ್ನು ಮನೆಯವರು ನೋಡುವ ಮೊದಲೇ ಊರಿಗೆಲ್ಲ ಹಂಚಬಾರದು. ಹಿಂದೆ ಒಂದು ಫಿಲ್ಮ್ ಸುರುಳಿಯಲ್ಲಿ 12 ಚಿತ್ರಗಳು ಬಂದರೆ ಅದೇ ಭಾಗ್ಯ; ಇಂದು ಸಾವಿರ ಬಂದರೂ ಮೊಬೈಲು ಕೆಟ್ಟ ದಿನ ಒಂದೂ ಉಳಿಯದು. ಆದ್ದರಿಂದ ಹನ್ನೆರಡನ್ನೇ ಆರಿಸಿ ಕಾಗದದ ಮೇಲೆ ಮುದ್ರಿಸಿ, ಬೆನ್ನಿಗೆ ಹೆಸರು, ಊರು, ಇಸವಿಗಳನ್ನು ಪೆನ್ಸಿಲಿನಲ್ಲಿ ಬರೆದು, ಚಿತ್ರದಲ್ಲಿರುವವರಿಗೆ ಅಂಚೆಯಲ್ಲಿ ಕಳುಹಿಸಿರಿ. ಹಿರಿಯರ ಪಾಲನ್ನು ಮೊದಲು ಕಳುಹಿಸಿರಿ.